ಸಾಕ್ಷಿ ಉಳಿದಾಗ

ಹಾಂಗ್‌ಕಾಂಗ್‌ನ ಒಂದು ಪುಟ್ಟ ಮನೆ. ಜೆನ್ನಿ ಎಂಬ ಹಾಡುಗಾರ್ತಿ ಮನೆಗೆ ಬಂದ ಇಬ್ಬರಿಗೆ ಟೀ ಮಾಡುತ್ತಿದ್ದಾಳೆ. ಅವಳಿಗೆ ಕಣ್ಣು ಮಂಜುಮಂಜು. ಬಂದವರಿಬ್ಬರೂ ಒಬ್ಬರ ಮುಖಕ್ಕೊಬ್ಬರು ಪಿಸ್ತೂಲು ಹಿಡಿದು ನಿಂತಿರುವುದು ಅವಳಿಗೆ ಕಾಣುವುದಿಲ್ಲ. ಒಬ್ಬ ಬಾಡಿಗೆ ಹಂತಕ, ಇನ್ನೊಬ್ಬ ಅವನನ್ನು ಹಿಡಿಯಲು ಬಂದ ಪೊಲೀಸ್ ಅಧಿಕಾರಿ. ಅವಳು ಗಾಬರಿಯಾಗಬಾರದೆಂದು ಇಬ್ಬರೂ ಚಿಕ್ಕಂದಿನ ಗೆಳೆಯರಂತೆ ನಟಿಸುತ್ತಾರೆ. ಅಡ್ಡಹೆಸರಿನಿಂದ ಕರೆದುಕೊಳ್ಳುತ್ತಾರೆ, ಕುಶಲ ಕೇಳುತ್ತಾರೆ, ಕೋಣೆಯಲ್ಲಿ ಸುತ್ತು ಹಾಕುತ್ತಾರೆ. ಮಾತು ಮೆತ್ತಗಿದೆ, ಪಿಸ್ತೂಲು ಮಾತ್ರ ಇಳಿಯುವುದಿಲ್ಲ.

ಜಾನ್ ವೂ ನಿರ್ದೇಶನದ 'ದಿ ಕಿಲ್ಲರ್' (1989) ಚಿತ್ರದ ದೃಶ್ಯವಿದು. ಹಂತಕನ ಪಾತ್ರದಲ್ಲಿ ಚೌ ಯುನ್-ಫಾಟ್, ಪೊಲೀಸನಾಗಿ ಡ್ಯಾನಿ ಲೀ, ಜೆನ್ನಿಯಾಗಿ ಸ್ಯಾಲಿ ಯೆ. ಜೆನ್ನಿಯ ಕಣ್ಣು ಹೋದದ್ದು ಇದೇ ಹಂತಕನಿಂದ. ನೈಟ್‌ಕ್ಲಬ್ಬಿನಲ್ಲಿ ಗುಂಡಿನ ಕಾಳಗ ನಡೆದಾಗ ಅವನ ಪಿಸ್ತೂಲಿನ ಬಾಯಿಂದ ಚಿಮ್ಮಿದ ಬೆಂಕಿ ಅವಳ ಕಣ್ಣಿಗೆ ತಗುಲಿತ್ತು. ಆ ಪಾಪ ಹೊತ್ತು ಅವಳ ಹಾಡು ಕೇಳಲು ಮತ್ತೆಮತ್ತೆ ಬಂದವನು ಕೊನೆಗೆ ಅವಳನ್ನು ಪ್ರೀತಿಸಿದ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸಲು ಇನ್ನೊಂದೇ ಒಂದು ಕೊಲೆ ಒಪ್ಪಿಕೊಂಡ. ಆ ಕೆಲಸ ಮುಗಿದ ಮೇಲೆ, ಕೆಲಸ ಕೊಟ್ಟ ಧಣಿಯೇ ಅವನನ್ನು ಮುಗಿಸಲು ಹೊರಟ.

ಸುಪಾರಿ ಹಂತಕನ ಪ್ರೇಮಕಥೆ ಸಿನಿಮಾದಲ್ಲಿ ನೂರಾರು ಸಲ ಬಂದುಹೋಗಿದೆ. ಒಂದು ಕಡೆ ಅನ್ನ ಹಾಕಿದವನು, ಇನ್ನೊಂದು ಕಡೆ ಮನಸ್ಸು ಕೊಟ್ಟವಳು. ಯಾರನ್ನು ಬಿಡಬೇಕು, ಯಾರನ್ನು ಹಿಡಿಯಬೇಕು? ಪ್ರಶ್ನೆ ಹಳೆಯದು. ಆದರೆ ಉತ್ತರ ಕೊಟ್ಟ ರೀತಿಗೆ ಅದರದೇ ಆದ ಇತಿಹಾಸವಿದೆ. ಆ ಇತಿಹಾಸ ಒಸಾಕಾದ ಗೊಂಬೆಯಾಟದಿಂದ ಹಾಲಿವುಡ್‌ಗೆ, ಪ್ಯಾರಿಸ್ಸಿಗೆ, ಹಾಂಗ್‌ಕಾಂಗ್‌ಗೆ ಹಾದು ನಮ್ಮ ಗಾಂಧಿನಗರದವರೆಗೂ ಬಂದಿದೆ.

'ಸುಪಾರಿ' ಎಂದರೆ ಅಡಿಕೆ. ಮುಂಬಯಿಯ ಭೂಗತ ಲೋಕದಿಂದ ನಮ್ಮ ಪತ್ರಿಕೆಗಳ ಅಪರಾಧ ಪುಟಕ್ಕೆ ಬಂದ ಮಾತು. ಕನ್ನಡಿಗರಿಗೆ ಇದು ತೀರಾ ಹೊಸದೇನಲ್ಲ. ಹಿಂದೆ ಯುದ್ಧಕ್ಕೆ ಹೊರಡುವವನು ಒಡೆಯನ ಕೈಯಿಂದ ರಣವೀಳ್ಯ ಪಡೆಯುತ್ತಿದ್ದ. ಅದನ್ನು ಕೈಗೆತ್ತಿಕೊಂಡರೆ ಮಾತು ಕೊಟ್ಟಂತೆ, ಆಮೇಲೆ ಹಿಂತಿರುಗುವ ದಾರಿಯಿಲ್ಲ. ಇವತ್ತಿಗೂ ಹೆಣ್ಣು ಗಂಡು ಒಪ್ಪಿಗೆಯಾದರೆ ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ. ಮದುವೆಯ ಮಾತಿಗೂ ಕೊಲೆಯ ಮಾತಿಗೂ ಅದೇ ಅಡಿಕೆ. ಎರಡು ಕಡೆಯಿಂದಲೂ ಅಡಿಕೆ ತೆಗೆದುಕೊಂಡವನ ಪಾಡೇ ಈ ಸಿನಿಮಾಗಳ ಕಥೆ.

ಇಂಥವನ ಮೊದಲ ಪರಿಚಯ ನಮಗೆ ಆಗುವುದು ಸಿನಿಮಾದಲ್ಲಿ ಅಲ್ಲ, ಕರ್ಣನಲ್ಲಿ. ಹೆತ್ತ ತಾಯಿ ಎದುರಿಗೆ ಬಂದು ನಿಂತರೂ ಅವನು ದುರ್ಯೋಧನನನ್ನು ಬಿಡಲಿಲ್ಲ. ದುರ್ಯೋಧನನನ್ನು ಬಿಡದೆಯೂ ಅರ್ಜುನನೊಬ್ಬನನ್ನುಳಿದು ಮಿಕ್ಕ ಪಾಂಡವರನ್ನು ಕೊಲ್ಲುವುದಿಲ್ಲ ಎಂದು ಕುಂತಿಗೆ ಮಾತು ಕೊಟ್ಟ. ಉಂಡ ಜೋಳದ ಋಣಕ್ಕೆ ಜೀವ ಕೊಡುವುದನ್ನು ಹಳಗನ್ನಡದಲ್ಲಿ 'ಜೋಳವಾಳಿ' ಎನ್ನುತ್ತಿದ್ದರು. ಪಂಪನ ಕರ್ಣ ಓದುಗರ ಮನಸ್ಸಿನಲ್ಲಿ ಸಾವಿರ ವರ್ಷಗಳಿಂದ ಉಳಿದಿರುವುದು ಈ ಹಠಕ್ಕಾಗಿಯೇ. ಎರಡು ಋಣಗಳಲ್ಲಿ ಒಂದನ್ನು ಪೂರ್ತಿ ತೀರಿಸಿ, ಇನ್ನೊಂದನ್ನು ತೀರಿಸಲು ಸೋಲನ್ನೇ ಒಪ್ಪಿಕೊಳ್ಳುವುದು ಅವನು ಕಂಡುಕೊಂಡ ದಾರಿ. ಮುಂದೆ ಪ್ಯಾರಿಸ್ಸಿನ ಒಬ್ಬ ಹಂತಕ ಕರ್ಣನ ಹೆಸರೇ ಕೇಳದೆ ಇದೇ ದಾರಿ ಹಿಡಿಯುತ್ತಾನೆ.

ಚೀನೀಯರಿಗೆ ಈ ಜಾಗದಲ್ಲಿ ಇರುವವನು ಗುವಾನ್ ಯು. 'ಮೂರು ರಾಜ್ಯಗಳ ಕಥೆ'ಯಲ್ಲಿ ಅವನು ಶತ್ರು ಚಾವ್ ಚಾವ್‌ನ ಸೆರೆಯಲ್ಲಿದ್ದು ಅವನ ಅನ್ನ ಉಣ್ಣುತ್ತಾನೆ, ಅದಕ್ಕೆ ಪ್ರತಿಯಾಗಿ ಅವನ ಪರ ಯುದ್ಧ ಗೆದ್ದು ಕೊಡುತ್ತಾನೆ, ಆಮೇಲೆ ತನ್ನ ಅಣ್ಣನಂಥ ಲಿಯು ಬೇಯ್ ಬಳಿಗೆ ಮರಳುತ್ತಾನೆ. ಮುಂದೊಂದು ದಿನ ಸೋತು ಓಡುತ್ತಿದ್ದ ಚಾವ್ ಚಾವ್ ಕೈಗೆ ಸಿಕ್ಕಾಗ, ಹಿಡಿಯಬೇಕೆಂಬ ಆಜ್ಞೆಯಿದ್ದರೂ ಹಳೆಯ ಋಣ ನೆನೆದು ಬಿಟ್ಟುಬಿಡುತ್ತಾನೆ. ಹಾಂಗ್‌ಕಾಂಗ್‌ನ ಪೊಲೀಸ್ ಠಾಣೆಗಳಲ್ಲಿ ಕೆಂಪು ಮುಖದ ಈ ಗುವಾನ್ ಯುವಿನ ಪುಟ್ಟ ಗುಡಿಯಿರುತ್ತದೆ. ಅವರು ಹಿಡಿಯಲು ಹೊರಡುವ ಟ್ರಯಾಡ್ ಗ್ಯಾಂಗಿನವರು ಊದುಬತ್ತಿ ಹಚ್ಚುವುದೂ ಇದೇ ದೇವರ ಮುಂದೆ. ಜೆನ್ನಿಯ ಮನೆಯಲ್ಲಿ ಪಿಸ್ತೂಲು ಹಿಡಿದು ನಿಂತ ಇಬ್ಬರು ಅಷ್ಟು ಬೇಗ ಒಬ್ಬರಿಗೊಬ್ಬರು ಅರ್ಥವಾದದ್ದಕ್ಕೆ ಇದೂ ಒಂದು ಕಾರಣ.

ಸಿನಿಮಾದ ಹಂತಕನ ಕಷ್ಟ ಮಾತ್ರ ಕರ್ಣನದಕ್ಕಿಂತ ಕಿರಿದು, ಆದ್ದರಿಂದಲೇ ಹೆಚ್ಚು ಹರಿತ. ಅವನ ಕಸುಬಿಗೆ ಒಂದೇ ಕಟ್ಟಳೆ: ನೋಡಿದವರನ್ನು ಉಳಿಸಬಾರದು. ಹಾಗಾಗಿ ಪ್ರೀತಿ ಅವನ ಬಾಳಿಗೆ ಬರುವುದು ಹೆಚ್ಚಾಗಿ ಸಾಕ್ಷಿಯ ರೂಪದಲ್ಲಿ. ಅವಳು ಅವನ ಮುಖ ನೋಡಿರುತ್ತಾಳೆ. ಅವನು ಅವಳನ್ನು ಕೊಲ್ಲುವುದಿಲ್ಲ. ಆ ಕ್ಷಣದಲ್ಲೇ ಧಣಿಗೆ ದ್ರೋಹ ಆಗಿಹೋಗಿರುತ್ತದೆ. ಮುಂದಿನ ಒಂದೂವರೆ ಗಂಟೆ ಆ ದ್ರೋಹಕ್ಕೆ ಬೆಲೆ ಕಟ್ಟುವ ಲೆಕ್ಕಾಚಾರ.

1942ರ 'ದಿಸ್ ಗನ್ ಫಾರ್ ಹೈರ್' ಇದಕ್ಕೆ ಅಚ್ಚು ಹಾಕಿಕೊಟ್ಟ ಚಿತ್ರ. ಗ್ರಹಾಂ ಗ್ರೀನ್ ಅವರ 1936ರ ಕಾದಂಬರಿಯನ್ನು ಆಧರಿಸಿ ಫ್ರಾಂಕ್ ಟಟಲ್ ನಿರ್ದೇಶಿಸಿದ್ದು. ರೇವನ್ ಎಂಬ ಹಂತಕನಾಗಿ ಆಲನ್ ಲ್ಯಾಡ್. ಬಾಡಿಗೆ ಕೋಣೆಯಲ್ಲಿ ಎದ್ದವನು ಬೆಕ್ಕಿನ ಮರಿಗೆ ಹಾಲು ಹಾಕುತ್ತಾನೆ, ಅದನ್ನು ಓಡಿಸಲು ಬಂದ ಕೆಲಸದವಳ ಕೆನ್ನೆಗೆ ಬಾರಿಸುತ್ತಾನೆ, ಆಮೇಲೆ ಹೋಗಿ ಇಬ್ಬರನ್ನು ಕೊಲ್ಲುತ್ತಾನೆ. ಕೊಲ್ಲಬೇಕಾಗಿದ್ದವನು ಒಬ್ಬನೇ. ಅಲ್ಲಿದ್ದ ಹೆಣ್ಣು ಅವನನ್ನು ಕಂಡಳೆಂಬ ಒಂದೇ ಕಾರಣಕ್ಕೆ ಸತ್ತಳು. ಇಳಿದು ಬರುವಾಗ ಮೆಟ್ಟಿಲ ಮೇಲೆ ಕಾಲಿಗೆ ಕಬ್ಬಿಣದ ಆಸರೆ ಕಟ್ಟಿಕೊಂಡ ಹುಡುಗಿಯೊಬ್ಬಳು ಕೂತಿದ್ದಾಳೆ. ಅವನ ಕೈ ಪಿಸ್ತೂಲಿನ ಕಡೆ ಹೋಗುತ್ತದೆ, ತಡೆಯುತ್ತದೆ. ಉರುಳಿ ಹೋಗಿದ್ದ ಅವಳ ಚೆಂಡನ್ನು ಎತ್ತಿಕೊಟ್ಟು ಹೊರಟುಹೋಗುತ್ತಾನೆ. ಹಂತಕನ ಮನಸ್ಸು ಬಿರುಕು ಬಿಟ್ಟದ್ದನ್ನು ಒಂದು ಸಂಭಾಷಣೆಯೂ ಇಲ್ಲದೆ ತೋರಿಸಿದ ಆ ಮೆಟ್ಟಿಲು, ಮುಂದೆ ಬಂದ ಎಷ್ಟೋ ಹಂತಕರು ಹತ್ತಿ ಇಳಿದ ಮೆಟ್ಟಿಲು.

ಚಿತ್ರದ ಕೊನೆಗೆ ರೇವನ್ ಸಾಯಬೇಕಿತ್ತು, ಸತ್ತ. ಇದನ್ನು ಬರಹಗಾರರು ಮಾತ್ರ ನಿರ್ಧರಿಸುವಂತಿರಲಿಲ್ಲ. ಹಾಲಿವುಡ್ 1930ರಲ್ಲಿ ಬರೆದುಕೊಂಡು 1934ರಿಂದ ಬಿಗಿಯಾಗಿ ಜಾರಿಗೆ ತಂದ ಪ್ರೊಡಕ್ಷನ್ ಕೋಡ್ ಪ್ರಕಾರ ಪಾತಕಿ ಶಿಕ್ಷೆಯಾಗದೆ ತೆರೆಯಿಂದ ಇಳಿಯುವ ಹಾಗಿರಲಿಲ್ಲ. ಪ್ರೀತಿಸಿದವಳ ಕೈ ಹಿಡಿದು ಊರು ಬಿಡುವ ಹಂತಕನನ್ನು ಆ ಕಾಲದ ಅಮೆರಿಕನ್ ಪ್ರೇಕ್ಷಕ ನೋಡಲು ಸಾಧ್ಯವೇ ಇರಲಿಲ್ಲ. 1968ರಲ್ಲಿ ಕೋಡ್ ಹೋಯಿತು. ಅಷ್ಟು ಹೊತ್ತಿಗೆ ಹಂತಕ ಸಾಯುವುದು ಪದ್ಧತಿಯಾಗಿತ್ತು.

ಜಪಾನಿನಲ್ಲಿ ಇದೇ ಸಾವಿಗೆ ಬೇರೆಯೇ ಬೇರು. ಅಲ್ಲಿ ಕಟ್ಟುಪಾಡಿನ ಋಣಕ್ಕೆ 'ಗಿರಿ', ಎದೆಯ ಮಿಡಿತಕ್ಕೆ 'ನಿಂಜೊ' ಎನ್ನುತ್ತಾರೆ. ಈ ಎರಡರ ಜಗ್ಗಾಟವನ್ನು ರಂಗದ ಮೇಲೆ ಬೆಳೆಸಿದವನು ಚಿಕಮತ್ಸು ಮೊಂಜಾಯೆಮೊನ್. 1703ರಲ್ಲಿ ಒಸಾಕಾದ ಗೊಂಬೆಯಾಟಕ್ಕೆಂದು ಅವನು ಬರೆದ 'ಸೊನೆಝಾಕಿ ಶಿಂಜು'ವಿನಲ್ಲಿ ಸೋಯಾಸಾಸ್ ಅಂಗಡಿಯ ಗುಮಾಸ್ತ ಮತ್ತು ಅವನ ಪ್ರೇಯಸಿ, ಒಬ್ಬ ವೇಶ್ಯೆ, ಈ ಲೋಕದಲ್ಲಿ ಒಂದಾಗಲಾರದೆ ಒಟ್ಟಿಗೆ ಸಾಯುತ್ತಾರೆ. ಸಾಯುವ ಮುನ್ನ ಇಬ್ಬರೂ ರಾತ್ರಿಯಲ್ಲಿ ಕಾಡಿನ ಕಡೆ ನಡೆದುಹೋಗುವ ಭಾಗಕ್ಕೆ 'ಮಿಚಿಯುಕಿ' ಎಂದು ಹೆಸರು. ದಾರಿ ಸಾಗುವುದು ಎಂದು ಅರ್ಥ. ಇಂಥ ನಾಟಕಗಳು ಎಷ್ಟು ಜನಪ್ರಿಯವಾದವೆಂದರೆ, ನಿಜವಾದ ಜೋಡಿ ಆತ್ಮಹತ್ಯೆಗಳು ಹೆಚ್ಚುತ್ತಿವೆ ಎಂದು ಹೆದರಿದ ಶೋಗುನ್ ಆಡಳಿತ ಸುಮಾರು ಇಪ್ಪತ್ತು ವರ್ಷಗಳ ನಂತರ ಅವುಗಳನ್ನು ನಿಷೇಧಿಸಿತು.

ಇನ್ನೂರೈವತ್ತು ವರ್ಷ ಕಳೆದು, 1960ರ ದಶಕದಲ್ಲಿ ಟೋಯೆಯ್ ಕಂಪನಿ ಯಾಕುಜಾ, ಅಂದರೆ ಜಪಾನಿನ ಭೂಗತ ಲೋಕದ, ಚಿತ್ರಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದಾಗ ಆ ರಾತ್ರಿಯ ನಡಿಗೆ ತೆರೆಗೆ ಬಂತು. ತಕಕುರಾ ಕೆನ್ ಈ ಚಿತ್ರಗಳ ದೊಡ್ಡ ತಾರೆ. 1965ರಲ್ಲಿ ಶುರುವಾದ 'ಶೋವಾ ಝಾನ್ಕ್ಯೋದೆನ್' ಸರಣಿಯಲ್ಲಿ ಕಥೆ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ: ನಾಯಕ ಅವಮಾನ ನುಂಗುತ್ತಾನೆ, ಧಣಿ ಸಾಯುತ್ತಾನೆ, ತಾಳ್ಮೆ ಮುಗಿಯುತ್ತದೆ. ಕಾದಿರುವ ಹೆಣ್ಣನ್ನು ಹಿಂದೆ ಬಿಟ್ಟು ಅವನು ಕತ್ತಿ ಹಿಡಿದು ಕತ್ತಲೆಗೆ ಇಳಿಯುತ್ತಾನೆ. ದಾರಿಯ ತಿರುವಿನಲ್ಲಿ ಇನ್ನೊಬ್ಬ ಗಂಡಸು ಕಾದು ನಿಂತಿರುತ್ತಾನೆ, ಹೆಚ್ಚಿನ ಸಲ ಇಕೆಬೆ ರ್ಯೊ. ಮಾತಿಲ್ಲದೆ ಇಬ್ಬರೂ ಸಾವಿನ ಕಡೆ ಜೊತೆಯಾಗಿ ನಡೆಯುತ್ತಾರೆ.

ಚಿಕಮತ್ಸುವಿನಲ್ಲಿ ಪ್ರೇಮಿಗಳು ನಡೆದ ದಾರಿಯಲ್ಲಿ ಈಗ ಇಬ್ಬರು ಗಂಡಸರು ನಡೆದರು. ಹೆಣ್ಣು ಬಾಗಿಲಲ್ಲೇ ಉಳಿದಳು. ಹಂತಕರ ಸಿನಿಮಾದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಪ್ರೀತಿಗೂ ನಿಷ್ಠೆಗೂ ಜಗಳ ಹತ್ತಿದಾಗ ಕಥೆ ಪ್ರೀತಿಯನ್ನೂ ಆರಿಸಲಿಲ್ಲ, ಧಣಿಯನ್ನೂ ಆರಿಸಲಿಲ್ಲ. ತನ್ನಂತೆಯೇ ಸಿಕ್ಕಿಬಿದ್ದ ಇನ್ನೊಬ್ಬನನ್ನು ತಂದು ಪಕ್ಕದಲ್ಲಿ ನಿಲ್ಲಿಸಿತು. ನಿಷ್ಠೆ ಸಾಯಲಿಲ್ಲ, ಅದಕ್ಕೆ ತಕ್ಕವನೊಬ್ಬ ಸಿಕ್ಕಿದ.

ಅಮೆರಿಕನ್ನರು ಇದನ್ನು ಕಲಿಯಲು ಟೋಕಿಯೊಗೆ ಹೋದರು. 1974ರ 'ದಿ ಯಾಕುಜಾ' ಚಿತ್ರಕ್ಕೆ ಕಥೆ ಕೊಟ್ಟದ್ದು ಲಿಯೊನಾರ್ಡ್ ಶ್ರೇಡರ್, ಚಿತ್ರಕಥೆ ಅವರ ತಮ್ಮ ಪಾಲ್ ಶ್ರೇಡರ್ ಮತ್ತು ರಾಬರ್ಟ್ ಟೌನ್ ಅವರದು, ನಿರ್ದೇಶನ ಸಿಡ್ನಿ ಪೊಲಾಕ್. ಯುದ್ಧ ಮುಗಿದ ಕಾಲದಲ್ಲಿ ಹ್ಯಾರಿ ಕಿಲ್ಮರ್ ಎಂಬ ಅಮೆರಿಕನ್ ಒಬ್ಬ ಜಪಾನಿ ಹೆಣ್ಣನ್ನೂ ಅವಳ ಮಗಳನ್ನೂ ಕಾಪಾಡಿ, ಪ್ರೀತಿಸಿರುತ್ತಾನೆ. ಅವಳ ಅಣ್ಣನೆಂದು ಅವನು ತಿಳಿದಿದ್ದ ತನಕಾ ಕೆನ್, ಆ ಉಪಕಾರದ ಋಣಕ್ಕೆ ವರ್ಷಗಳ ನಂತರ ಅವನ ಪರವಾಗಿ ಕತ್ತಿ ಹಿಡಿಯುತ್ತಾನೆ. ಕೊನೆಗೆ ತಿಳಿಯುತ್ತದೆ: ಕೆನ್ ಅವಳ ಅಣ್ಣನಲ್ಲ, ಗಂಡ. ಸತ್ತನೆಂದುಕೊಂಡಿದ್ದವನು ಯುದ್ಧದಿಂದ ಮರಳಿದಾಗ ಹೆಂಡತಿ ಬೇರೊಬ್ಬನ ಜೊತೆಗಿದ್ದಳು. ಆ ಬೇರೊಬ್ಬನೇ ಅವಳ ಜೀವ ಉಳಿಸಿದವನು. ಕಿಲ್ಮರ್ ತನ್ನ ಕಿರುಬೆರಳನ್ನು ತಾನೇ ಕತ್ತರಿಸಿ ಬಟ್ಟೆಯಲ್ಲಿ ಸುತ್ತಿ ಕೆನ್‌ನ ಮುಂದಿಡುತ್ತಾನೆ. ಕಿಲ್ಮರ್ ಪಾತ್ರದ ರಾಬರ್ಟ್ ಮಿಚಮ್ ಎಂಬ ಆ ಭಾರೀ ಆಳು, ಕೆನ್ ಆಗಿರುವ ತಕಕುರಾ ಕೆನ್ ಎದುರು ಮೊಣಕಾಲೂರಿ ಕೂತು ಬೆರಳನ್ನು ಒಪ್ಪಿಸುವ ದೃಶ್ಯದಲ್ಲಿ ಪ್ರೀತಿಯೇ ಸಾಲವಾಗಿಬಿಟ್ಟಿದೆ. ಇಬ್ಬರು ಗಂಡಸರ ಲೆಕ್ಕ ಚುಕ್ತಾ ಆಯಿತು. ಆ ಹೆಣ್ಣಿನ ಮಗಳು ಮಾತ್ರ ಈ ಲೆಕ್ಕದ ನಡುವೆ ಸತ್ತುಹೋಗಿದ್ದಳು.

1967ಕ್ಕೆ ಹಿಂತಿರುಗಬೇಕು, ಏಕೆಂದರೆ ಈ ಕಥೆಯ ನಡುಗಂಬ ಅಲ್ಲಿದೆ. ಆ ವರ್ಷ ಟೋಕಿಯೊದಲ್ಲೂ ಪ್ಯಾರಿಸ್ಸಿನಲ್ಲೂ ಒಂದೊಂದು ಹಂತಕನ ಚಿತ್ರ ಬಂತು. ಟೋಕಿಯೊದ್ದು ಸುಝುಕಿ ಸೆಯ್‌ಜುನ್ ಅವರ 'ಬ್ರ್ಯಾಂಡೆಡ್ ಟು ಕಿಲ್'. ಅದರ ನಾಯಕ ದೇಶದ ಮೂರನೇ ನಂಬರಿನ ಹಂತಕ. ಅವನಿಗೆ ಬೇಯುತ್ತಿರುವ ಅನ್ನದ ಹಬೆಯೆಂದರೆ ಹುಚ್ಚು. ಬಂದೂಕಿನ ದುರ್ಬೀನಿನ ಮೇಲೆ ಚಿಟ್ಟೆಯೊಂದು ಕೂತು ಗುರಿ ತಪ್ಪುತ್ತದೆ, ಅಲ್ಲಿಂದ ಅವನ ಬಾಳೇ ತಪ್ಪುತ್ತದೆ. ಪ್ರೀತಿಸಿದವಳನ್ನು ಕೊನೆಗೆ ಅವನೇ, ಯಾರೆಂದು ತಿಳಿಯದೆ ಗುಂಡಿಕ್ಕುತ್ತಾನೆ. ಅರ್ಥವಾಗದ ಸಿನಿಮಾ ಮಾಡುತ್ತಾರೆಂದು ನಿಕ್ಕತ್ಸು ಸ್ಟುಡಿಯೊ ಸುಝುಕಿಯವರನ್ನು ಕೆಲಸದಿಂದ ತೆಗೆದುಹಾಕಿತು. ಅವರು ಕೋರ್ಟಿಗೆ ಹೋದರು.

ಪ್ಯಾರಿಸ್ಸಿನದು ಜಾನ್-ಪಿಯೆರ್ ಮೆಲ್ವಿಲ್ ಅವರ 'ಲೆ ಸಮುರಾಯ್'. ಮೆಲ್ವಿಲ್ ಅವರ ಮನೆತನದ ಹೆಸರು ಗ್ರುಂಬಾಕ್. ನಾಜಿಗಳ ವಿರುದ್ಧ ಭೂಗತ ಹೋರಾಟಕ್ಕೆ ಇಳಿದಾಗ ಮೆಚ್ಚಿನ ಲೇಖಕನ ಹೆಸರನ್ನು ತಮಗಿಟ್ಟುಕೊಂಡು ಕೊನೆಯವರೆಗೂ ಉಳಿಸಿಕೊಂಡರು. ಸುಳ್ಳು ಹೆಸರು, ಬಾಯಿ ಬಿಡದ ಗೆಳೆಯರು, ದ್ರೋಹದ ಭಯ ಇವೆಲ್ಲ ಅವರು ಬದುಕಿ ಕಂಡದ್ದು. ಚಿತ್ರದ ಮೊದಲಿಗೆ ಸಮುರಾಯ್‌ಗಳ ನೀತಿ ಹೇಳುವ ಬುಷಿದೊ ಗ್ರಂಥದ್ದೆಂದು ಒಂದು ವಾಕ್ಯ ಮೂಡುತ್ತದೆ. ಅದು ಯಾವ ಗ್ರಂಥದ್ದೂ ಅಲ್ಲ, ಮೆಲ್ವಿಲ್ ತಾವೇ ಬರೆದದ್ದು.

ಆಮೇಲೆ ಸುಮಾರು ಹತ್ತು ನಿಮಿಷ ತೆರೆಯ ಮೇಲೆ ಮಾತೇ ಇಲ್ಲ. ಬೂದು ಬಣ್ಣದ ಕೋಣೆ, ನಡುವೆ ಪಂಜರ, ಪಂಜರದಲ್ಲಿ ಒಂದು ಪುಟ್ಟ ಹಕ್ಕಿ. ಹಾಸಿಗೆಯ ಮೇಲೆ ಮಲಗಿ ಸಿಗರೇಟು ಸೇದುತ್ತಿರುವವನು ಜೆಫ್ ಕಾಸ್ಟೆಲೊ, ಅಂದರೆ ಆಲೆನ್ ದೆಲೋ. ಬೀರುವಿನ ಮೇಲೆ ನೀರಿನ ಬಾಟಲಿಗಳು, ಸಿಗರೇಟು ಪೊಟ್ಟಣಗಳು ಸಾಲಾಗಿವೆ. ಎದ್ದು ಕೋಟು ತೊಟ್ಟು, ಹ್ಯಾಟಿನ ಅಂಚನ್ನು ಬೆರಳಿನಿಂದ ಸವರಿ ಸರಿಮಾಡಿಕೊಳ್ಳುತ್ತಾನೆ. ಬೀದಿಯಲ್ಲಿ ನಿಂತ ಸಿಟ್ರೊಯೆನ್ ಕಾರಿನಲ್ಲಿ ಕೂತು, ಬೀಗದ ಕೈಗಳ ದೊಡ್ಡ ಗೊಂಚಲನ್ನು ಪಕ್ಕದ ಸೀಟಿನ ಮೇಲಿಟ್ಟು ಒಂದೊಂದಾಗಿ ತಿರುಗಿಸಿ ನೋಡುತ್ತಾನೆ. ಅವಸರವಿಲ್ಲ. ಗಾಜಿನ ಮೇಲೆ ಮಳೆ ಹರಿಯುತ್ತಿದೆ. ಯಾವುದೋ ಒಂದು ಕೀಲಿ ಹಿಡಿಯುತ್ತದೆ, ಕಾರು ಹೊರಡುತ್ತದೆ. ಇವನಿಗೆ ಮನಸ್ಸೆಂಬುದು ಇದ್ದರೆ ಅದು ಆ ಪಂಜರದ ಹಕ್ಕಿಯಲ್ಲಿ ಮಾತ್ರ ಎನಿಸುತ್ತದೆ. ಮುಂದೆ ಕೋಣೆಗೆ ಯಾರೋ ನುಗ್ಗಿಹೋದದ್ದು ಅವನಿಗೆ ತಿಳಿಯುವುದೂ ಹಕ್ಕಿಯ ಕಳವಳದಿಂದಲೇ.

ಜೆಫ್ ಒಂದು ನೈಟ್‌ಕ್ಲಬ್ಬಿನ ಮಾಲೀಕನನ್ನು ಕೊಂದು ಹೊರಬರುವಾಗ ಪಿಯಾನೊ ನುಡಿಸುವ ವ್ಯಾಲೆರಿ ಅವನನ್ನು ಕಣ್ಣಾರೆ ಕಾಣುತ್ತಾಳೆ. ಠಾಣೆಯಲ್ಲಿ ಸಾಲಾಗಿ ನಿಲ್ಲಿಸಿ ಕೇಳಿದಾಗ ಇವನಲ್ಲ ಎನ್ನುತ್ತಾಳೆ. ಯಾಕೆ ಸುಳ್ಳು ಹೇಳಿದಳೆಂಬುದನ್ನು ಚಿತ್ರ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಜೆಫ್‌ಗೆ ಮುಂದಿನ ಸುಪಾರಿ ಬರುವುದು ಅವಳದೇ. ಹಣ ಕೊಟ್ಟಾಗಿದೆ, ಅವನು ತೆಗೆದುಕೊಂಡಿದ್ದಾನೆ.

ಕೊನೆಯ ದೃಶ್ಯದಲ್ಲಿ ಅವನು ಕ್ಲಬ್ಬಿಗೆ ಬಂದು ಹ್ಯಾಟನ್ನು ಬಾಗಿಲ ಬಳಿಯ ಕೌಂಟರಿನಲ್ಲಿ ಒಪ್ಪಿಸುತ್ತಾನೆ. ಅಲ್ಲಿಯ ಹುಡುಗಿ ಕೊಟ್ಟ ಟೋಕನ್ನನ್ನು ಅಲ್ಲೇ ಬಿಟ್ಟು ನಡೆಯುತ್ತಾನೆ. ಹ್ಯಾಟು ವಾಪಸು ಪಡೆಯುವ ಯೋಚನೆಯೇ ಅವನಿಗಿಲ್ಲ. ಎಲ್ಲರ ಕಣ್ಣೆದುರು ಬಿಳಿ ಕೈಗವಸು ತೊಟ್ಟು ಪಿಯಾನೊ ಬಳಿ ಹೋಗಿ ಪಿಸ್ತೂಲು ತೆಗೆಯುತ್ತಾನೆ. ಕಾದಿದ್ದ ಪೊಲೀಸರು ಗುಂಡು ಹಾರಿಸುತ್ತಾರೆ. ಅವಳನ್ನು ಉಳಿಸಿದೆವೆಂದು ಒಬ್ಬ ಪೊಲೀಸ್ ಹೇಳುವಾಗ ಇನ್ಸ್‌ಪೆಕ್ಟರ್ ಜೆಫ್‌ನ ಪಿಸ್ತೂಲನ್ನು ಬಿಚ್ಚಿ ತೋರಿಸುತ್ತಾನೆ. ಅದರಲ್ಲಿ ಒಂದೂ ಗುಂಡಿಲ್ಲ.

ಕರ್ಣನ ಲೆಕ್ಕಾಚಾರವೇ ಇದು. ತೆಗೆದುಕೊಂಡ ಸುಪಾರಿಯ ಪ್ರಕಾರ ಹೋದ, ಪಿಸ್ತೂಲು ಗುರಿಯಿಟ್ಟ, ಮಾತು ತಪ್ಪಲಿಲ್ಲ. ಅವಳ ಕೂದಲೂ ಕೊಂಕಲಿಲ್ಲ. ಎರಡರ ನಡುವಿನ ಅಂತರಕ್ಕೆ ತನ್ನ ದೇಹವನ್ನೇ ಹಾಕಿದ. ದೆಲೋ ನಗುತ್ತಾ ಸಾಯುವ ಹಾಗೆ ಮೆಲ್ವಿಲ್ ಮೊದಲು ಚಿತ್ರೀಕರಿಸಿದ್ದರು. ಆ ನಟ ಬೇರೊಂದು ಚಿತ್ರದಲ್ಲಿ ಹಾಗೇ ಸತ್ತಿದ್ದಾನೆಂದು ತಿಳಿದು ನಗುವನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು. ನಕ್ಕಿದ್ದರೆ ಅದು ಗೆಲುವಿನಂತೆ ಕಾಣುತ್ತಿತ್ತು. ಮೂವತ್ತೆರಡು ವರ್ಷಗಳ ನಂತರ ಜಿಮ್ ಜಾರ್ಮುಶ್ 'ಗೋಸ್ಟ್ ಡಾಗ್'ನಲ್ಲಿ (1999) ಇದೇ ಖಾಲಿ ಪಿಸ್ತೂಲನ್ನು ಮತ್ತೆ ಹೊರತೆಗೆದರು. ಅಲ್ಲೂ ತೊಂದರೆ ಶುರುವಾಗುವುದು ಕೊಲೆಯ ಕೋಣೆಯಲ್ಲಿ ಒಬ್ಬ ಹುಡುಗಿ ಕೂತಿದ್ದುದರಿಂದ. ಅಲ್ಲೂ ಹಂತಕ ಸಾಯುವುದು, ಒಮ್ಮೆ ತನ್ನ ಜೀವ ಉಳಿಸಿದವನ ಗುಂಡಿಗೆ.

ಇಲ್ಲೊಂದು ಮಾತು ಹೇಳಲೇಬೇಕು. ಈ ಹೆಣ್ಣುಗಳೆಲ್ಲ ಸಂಗೀತದವರು. 1942ರ 'ದಿಸ್ ಗನ್ ಫಾರ್ ಹೈರ್'ನ ನಾಯಕಿ ಎಲೆನ್ ಕ್ಲಬ್ಬಿನಲ್ಲಿ ಹಾಡುತ್ತಾಳೆ. ವ್ಯಾಲೆರಿ ಪಿಯಾನೊ ನುಡಿಸುತ್ತಾಳೆ, ಜೆನ್ನಿ ಹಾಡುಗಾರ್ತಿ. ಕಿಮ್ ಜೀ-ವುನ್ ಅವರ ಕೊರಿಯನ್ ಚಿತ್ರ 'ಎ ಬಿಟರ್‌ಸ್ವೀಟ್ ಲೈಫ್'ನಲ್ಲಿ (2005) ಹೀ-ಸೂ ಚೆಲ್ಲೊ ನುಡಿಸುವವಳು. ಮಾತಾಡದ ಕಸುಬಿನವನು ನಾದದವಳ ಬಳಿ ಹೋಗಿ ನಿಲ್ಲುತ್ತಾನೆ. ಇದನ್ನು ಬರೀ ಅಲಂಕಾರವೆನ್ನಲು ಆಗುವುದಿಲ್ಲ. ಮನೆಯಿಲ್ಲದ, ಹೆಸರು ಹೇಳದ ಮನುಷ್ಯ ನಾಲ್ಕು ಜನರ ನಡುವೆ ಕತ್ತಲಲ್ಲಿ ಕೂತು, ಯಾರಿಗೂ ಲೆಕ್ಕ ಕೊಡದೆ ಮೆತ್ತಗಾಗಬಹುದಾದ ಜಾಗ ಅದೊಂದೇ. ಕೊರಿಯನ್ ಚಿತ್ರದ ಸುನ್-ವೂಗೆ ಧಣಿ ವಹಿಸಿದ ಕೆಲಸ ತನ್ನ ಎಳೆಯ ಪ್ರೇಯಸಿಯ ಮೇಲೆ ಕಣ್ಣಿಡುವುದು. ಬೇರೊಬ್ಬನಿದ್ದರೆ ಇಬ್ಬರನ್ನೂ ಮುಗಿಸುವುದು. ಸುನ್-ವೂ ಅವಳು ಚೆಲ್ಲೊ ನುಡಿಸುವುದನ್ನು ಕೇಳುತ್ತಾ ಕೂರುತ್ತಾನೆ. ಬೇರೊಬ್ಬ ಇದ್ದ. ಇಬ್ಬರನ್ನೂ ಬಿಟ್ಟುಬಿಡುತ್ತಾನೆ. ಅವಳಿಗೂ ಅವನಿಗೂ ನಡುವೆ ಒಂದು ಮುಟ್ಟುವಿಕೆಯೂ ನಡೆದಿಲ್ಲ, ಆದರೂ ಏಳು ವರ್ಷ ನಾಯಿಯಂತೆ ದುಡಿಸಿಕೊಂಡ ಧಣಿ ಅವನನ್ನು ಜೀವಂತ ಹೂಳಿಸುತ್ತಾನೆ. ಮಣ್ಣಿನಿಂದ ಎದ್ದು ಬಂದವನು ಕೇಳುವುದು ಒಂದೇ ಪ್ರಶ್ನೆ: ಯಾಕೆ? ಧಣಿ ಕೊಡುವ ಉತ್ತರ ಅವನಿಗೆ ಸಾಲುವುದಿಲ್ಲ.

ಈಗ ಮತ್ತೆ ಹಾಂಗ್‌ಕಾಂಗ್. ಜಾನ್ ವೂ 1946ರಲ್ಲಿ ಗ್ವಾಂಗ್‌ಝೌನಲ್ಲಿ ಹುಟ್ಟಿದವರು. ಕುಟುಂಬ ಹಾಂಗ್‌ಕಾಂಗ್‌ಗೆ ಬಂದು ನೆಲೆಸಿದ ಮೇಲೆ, 1953ರ ಶೆಕ್ ಕಿಪ್ ಮೇ ಕೊಳೆಗೇರಿಯ ಮಹಾ ಬೆಂಕಿಯಲ್ಲಿ ಮನೆ ಕಳೆದುಕೊಂಡರು. ಚರ್ಚಿನ ಆಸರೆಯಲ್ಲಿ ಓದಿದ ಹುಡುಗ ಪಾದ್ರಿಯಾಗಬೇಕೆಂದು ಕನಸು ಕಂಡಿದ್ದ. ಶಾ ಬ್ರದರ್ಸ್ ಸ್ಟುಡಿಯೊದಲ್ಲಿ ಕತ್ತಿವರಸೆಯ ಚಿತ್ರಗಳ ನಿರ್ದೇಶಕ ಚಾಂಗ್ ಚೆ ಅವರಿಗೆ ಸಹಾಯಕರಾಗಿ ಕೆಲಸ ಕಲಿತರು. ಗೆಳೆಯನಿಗಾಗಿ ಹೊಟ್ಟೆ ಬಗೆಸಿಕೊಂಡು ನಿಂತೇ ಸಾಯುವ ವೀರರನ್ನು ಅಲ್ಲಿ ಕಂಡರು. 1986ರಲ್ಲಿ ನಿರ್ಮಾಪಕ ತ್ಸುಯ್ ಹಾರ್ಕ್ ಜೊತೆ ಮಾಡಿದ 'ಎ ಬೆಟರ್ ಟುಮಾರೊ' ಕತ್ತಿಯ ಜಾಗಕ್ಕೆ ಎರಡು ಕೈಗೆ ಎರಡು ಪಿಸ್ತೂಲು ಕೊಟ್ಟಿತು. ಮೂರು ವರ್ಷದ ನಂತರದ 'ದಿ ಕಿಲ್ಲರ್'ನಲ್ಲಿ ಚರ್ಚು, ಮೊಂಬತ್ತಿ, ಪಾರಿವಾಳ, ಮೆಲ್ವಿಲ್, ತಕಕುರಾ ಕೆನ್ ಎಲ್ಲವೂ ಒಂದೆಡೆ ಸೇರಿದವು.

ಅದರ ಕೊನೆಯ ಹತ್ತು ನಿಮಿಷದಷ್ಟು ಕರುಳು ಹಿಂಡುವ ಪರಿಹಾರವನ್ನು ಈ ಬಗೆಯ ಯಾವ ಚಿತ್ರವೂ ಕೊಟ್ಟಿಲ್ಲ. ಹಂತಕ ಮೊದಲೇ ಹೇಳಿಟ್ಟಿದ್ದಾನೆ: ತಾನು ಸತ್ತರೆ ತನ್ನ ಕಣ್ಣನ್ನು ಜೆನ್ನಿಗೆ ಕೊಡಿಸಬೇಕು. ಅವನ ಹಳೆಯ ಗೆಳೆಯ, ಧಣಿಯ ಮಾತು ಕೇಳಿ ಒಮ್ಮೆ ಇವನಿಗೇ ಪಿಸ್ತೂಲು ತೋರಿಸಿದ್ದವನು, ಅವನಿಗೆ ಬರಬೇಕಾದ ಹಣ ತರಲು ಹೋಗಿ ಏಟು ತಿಂದು ಸತ್ತಿದ್ದಾನೆ. ಈಗ ಚರ್ಚಿನಲ್ಲಿ ಅವನ ಪಕ್ಕದಲ್ಲಿ ನಿಂತು ಗುಂಡು ಹಾರಿಸುತ್ತಿರುವವನು, ಅವನನ್ನು ಹಿಡಿಯಬೇಕಾಗಿದ್ದ ಪೊಲೀಸ್. ಟೋಯೆಯ್ ಚಿತ್ರಗಳ ಆ ರಾತ್ರಿಯ ನಡಿಗೆ ಇಲ್ಲಿ ಬಂದು ಮುಟ್ಟಿದೆ. ಧಣಿಯ ಗುಂಡು ಹಂತಕನ ಎರಡೂ ಕಣ್ಣಿಗೆ ಬೀಳುತ್ತದೆ. ಕೊಡುತ್ತೇನೆಂದಿದ್ದ ಕಣ್ಣೇ ಹೋಯಿತು. ಅವನೂ ಜೆನ್ನಿಯೂ ನೆಲದ ಮೇಲೆ ತೆವಳುತ್ತಾ ಒಬ್ಬರ ಹೆಸರನ್ನೊಬ್ಬರು ಕೂಗುತ್ತಾ ಬರುತ್ತಾರೆ. ಕೈಯಳತೆಯಲ್ಲಿ ಪಕ್ಕದಲ್ಲೇ ಹಾದುಹೋಗುತ್ತಾರೆ, ಕೈಗೆ ಕೈ ಸಿಗುವುದಿಲ್ಲ. ಅವನು ಸಾಯುತ್ತಾನೆ. ಶರಣಾಗುತ್ತೇನೆಂದು ಪೊಲೀಸರ ನಡುವೆ ಹೋಗಿ ನಿಂತ ಧಣಿಯನ್ನು ಆ ಅಧಿಕಾರಿ ಎಲ್ಲರೆದುರೇ ಗುಂಡಿಕ್ಕುತ್ತಾನೆ. ಕೊನೆಗೆ ತೆರೆಯ ಮೇಲೆ ಉಳಿಯುವುದು ಸತ್ತವನು ಎಂದೋ ಒಬ್ಬನೇ ಕೂತು ಮೌತ್ ಆರ್ಗನ್ ನುಡಿಸುತ್ತಿದ್ದ ಚಿತ್ರ.

ಆ ಚಿತ್ರ ಹಾಂಗ್‌ಕಾಂಗ್‌ನಲ್ಲಿ ತೆರೆಕಂಡದ್ದು 1989ರ ಜುಲೈನಲ್ಲಿ, ಬೀಜಿಂಗ್‌ನ ಟಿಯಾನನ್‌ಮೆನ್ ಚೌಕದಲ್ಲಿ ಗುಂಡು ಹಾರಿದ ಒಂದು ತಿಂಗಳಿಗೆ. 1997ಕ್ಕೆ ಊರು ಚೀನಾದ ವಶವಾಗುವುದು ನಿಶ್ಚಯವಾಗಿತ್ತು. ಹಳೆಯ ಕಟ್ಟಳೆಗಳಿಗೆ ಇನ್ನು ಬೆಲೆಯಿಲ್ಲ ಎಂದು ಚಿತ್ರದ ಹಂತಕರು ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ ಕೇಳುತ್ತಿದ್ದವರ ಎದೆಯಲ್ಲಿ ಇದೆಲ್ಲ ಇತ್ತು.

ನಿಷ್ಠೆಯೇ ಪೂರ್ತಿ ಗೆದ್ದ ಚಿತ್ರವೊಂದಿದೆ, ನೋಡಲು ಕಷ್ಟವಾಗುವಂಥದು. ಜಾನ್ ಹ್ಯೂಸ್ಟನ್ ಅವರ 'ಪ್ರಿಟ್ಝೀಸ್ ಆನರ್' (1985). ಬ್ರೂಕ್ಲಿನ್ನಿನ ಮಾಫಿಯಾ ಮನೆತನದ ಹಂತಕ ಚಾರ್ಲಿ (ಜ್ಯಾಕ್ ನಿಕೋಲ್ಸನ್) ಮದುವೆಯಾಗುವ ಐರೀನ್ (ಕ್ಯಾಥ್ಲೀನ್ ಟರ್ನರ್) ತಾನೂ ಸುಪಾರಿ ಹಂತಕಿ. ಅವಳನ್ನು ಮುಗಿಸು ಎಂದ ಮನೆತನದ ಮುದಿ ಧಣಿಯ ಮಾತಿಗೆ ಚಾರ್ಲಿ ಒಪ್ಪುತ್ತಾನೆ. ಮಲಗುವ ಕೋಣೆಯಲ್ಲಿ ಅವಳು ಪಿಸ್ತೂಲು ಎತ್ತುವಾಗ ಇವನು ಚಾಕು ಎಸೆಯುತ್ತಾನೆ. ಇಲ್ಲಿ ಪಕ್ಕದಲ್ಲಿ ನಿಲ್ಲುವ ಇನ್ನೊಬ್ಬನಿಲ್ಲ, ಖಾಲಿ ಪಿಸ್ತೂಲಿಲ್ಲ, ಕಣ್ಣು ಕೊಡುವವರಿಲ್ಲ. ಕೆಲಸ ಮುಗಿಯಿತು, ಅಷ್ಟೇ. ಮಿಕ್ಕ ಚಿತ್ರಗಳ ಸಾವು ನಮಗೆ ಯಾಕೆ ಸಮಾಧಾನ ಕೊಡುತ್ತದೆಂಬುದು ಈ ಚಿತ್ರ ನೋಡಿದ ಮೇಲೆ ಅರಿವಾಗುತ್ತದೆ.

ನಮ್ಮ ಕಡೆ ಈ ಪ್ರಶ್ನೆ ಬಂದಾಗ ಹೆಣ್ಣಿನ ಜಾಗದಲ್ಲಿ ಹೆಚ್ಚಾಗಿ ತಾಯಿ ನಿಂತಳು. ಕನ್ನಡದ 'ಪಲ್ಲವಿ ಅನುಪಲ್ಲವಿ'ಯಿಂದ (1983) ನಿರ್ದೇಶನ ಆರಂಭಿಸಿದ ಮಣಿರತ್ನಂ, 1991ರಲ್ಲಿ ಕರ್ಣನನ್ನೇ ತಮಿಳಿನ 'ದಳಪತಿ'ಯಾಗಿ ತಂದರು. ರಜನಿಕಾಂತ್ ಅವರ ಸೂರ್ಯ, ಮಮ್ಮುಟ್ಟಿಯವರ ದೇವರಾಜನಿಗಾಗಿ ಕೊಲ್ಲಬಲ್ಲ. ಅವನು ಪ್ರೀತಿಸಿದ ಸುಬ್ಬಲಕ್ಷ್ಮಿಯೂ ಹಾಡುವವಳು, ಕುಣಿಯುವವಳು. ಮೇಲುಕೋಟೆಯ ಕಲ್ಲಿನ ಕಂಬಗಳ ನಡುವೆ ಅವಳನ್ನು ತೋರಿಸಿದ ಚೆಲುವು ಇಂದಿಗೂ ಕಣ್ಣಲ್ಲಿದೆ. ಅವಳು ಅವನ ಕೈತಪ್ಪಿ, ಅವನ ತಮ್ಮನ ಹೆಂಡತಿಯಾಗುತ್ತಾಳೆ. ಆದರೆ ಮಣಿರತ್ನಂ ಕರ್ಣನನ್ನು ಸಾಯಿಸಲಿಲ್ಲ. ಸತ್ತದ್ದು ದುರ್ಯೋಧನ. ಕರ್ಣ ತಾಯಿಯ ಜೊತೆ ಉಳಿದ. ಸಾವಿರಾರು ವರ್ಷ ಕರ್ಣನಿಗಾಗಿ ಮರುಗಿದ ನಾಡಿಗೆ ಇದು ಸಣ್ಣ ಸಂಗತಿಯಲ್ಲ.

ಕನ್ನಡದಲ್ಲಿ ಫೀಲ್ಡಿಗೆ ಇಳಿದವರ ಕಥೆಗೆ ಹಾದಿ ಮಾಡಿದ್ದು ಉಪೇಂದ್ರ ಅವರ 'ಓಂ' (1995). ಪುರೋಹಿತರ ಮಗ ಲಾಂಗು ಹಿಡಿಯುವುದು ಅಲ್ಲಿ ಪ್ರೀತಿಯ ಕಾರಣಕ್ಕೇ. ಬೆಂಗಳೂರಿನ ಭೂಗತ ಲೋಕದ ಅಸಲಿ ಮುಖಗಳೂ ಶಿವರಾಜ್‌ಕುಮಾರ್ ಜೊತೆ ತೆರೆಯ ಮೇಲಿದ್ದವು. ಹತ್ತು ವರ್ಷದ ನಂತರ ಪ್ರೇಮ್ ಅವರ 'ಜೋಗಿ'ಯಲ್ಲಿ ಅದೇ ಶಿವರಾಜ್‌ಕುಮಾರ್ ಲಾಂಗು ಹಿಡಿದ ಮಾದೇಶನಾದರು. ಮಗನನ್ನು ಹುಡುಕಿಕೊಂಡು ಬಂದ ಹಳ್ಳಿಯ ತಾಯಿ, ಅರುಂಧತಿ ನಾಗ್, ಈ ಮಹಾನಗರದಲ್ಲಿ ಅಲೆಯುತ್ತಾಳೆ. ತಾಯಿ ಮಗ ಒಂದೇ ಊರಿನಲ್ಲಿ ಹತ್ತಿರಹತ್ತಿರವೇ ಹಾದುಹೋಗುತ್ತಾರೆ, ಎದುರಾಗುವುದಿಲ್ಲ. ಕೊನೆಗೆ ತಾಯಿಯ ಶವದ ಮುಂದೆ, ಅದು ಯಾರ ಶವವೆಂದು ತಿಳಿಯದೆ ಮಗ ಕುಣಿಯುತ್ತಾನೆ. ಹಾಂಗ್‌ಕಾಂಗ್‌ನ ಚರ್ಚಿನೆದುರು ತೆವಳುತ್ತಾ ಒಬ್ಬರನ್ನೊಬ್ಬರು ದಾಟಿಹೋದ ಇಬ್ಬರು ಕುರುಡರ ನೋವೂ ಇದೂ ಬೇರೆಯಲ್ಲ. ಥಿಯೇಟರುಗಳಲ್ಲಿ ಗಂಡಸರು ಬಿಕ್ಕಿಬಿಕ್ಕಿ ಅತ್ತದ್ದನ್ನು ಆ ವರ್ಷ ಚಿತ್ರ ನೋಡಿದವರು ಇನ್ನೂ ಮರೆತಿಲ್ಲ.

ಜಾನ್ ವೂ ಮೂವತ್ತೈದು ವರ್ಷಗಳ ನಂತರ 'ದಿ ಕಿಲ್ಲರ್' ಅನ್ನು ತಾವೇ ಮತ್ತೆ ಮಾಡಿದರು. ಈ ಸಲ ಊರು ಪ್ಯಾರಿಸ್. ಹಂತಕನ ಜಾಗದಲ್ಲಿ ಹೆಣ್ಣು, ನಥಾಲಿ ಇಮ್ಯಾನುಯೆಲ್ ಅಭಿನಯದ ಝೀ. ಅವಳ ಕಾಳಗದ ಗದ್ದಲದಲ್ಲಿ ಕಣ್ಣು ಕಳೆದುಕೊಳ್ಳುವ ಹಾಡುಗಾರ್ತಿ ಹಾಗೆಯೇ ಇದ್ದಾಳೆ. ಸಾಕ್ಷಿಯನ್ನು ಉಳಿಸಬೇಡ ಎಂಬ ಆಜ್ಞೆಯೂ ಇದೆ. ಪೊಲೀಸನಾಗಿ ಓಮರ್ ಸಿ. ಈ ಸಲ ಚರ್ಚಿನ ಕಾಳಗ ಮುಗಿದ ಮೇಲೂ ಹಂತಕಿ ಬದುಕಿದ್ದಾಳೆ. 2024ರ ಆಗಸ್ಟ್ 23ರಂದು ಚಿತ್ರ ಬಿಡುಗಡೆಯಾಯಿತು. ಅದಕ್ಕೆ ಐದು ದಿನ ಮುಂಚೆ, ಆಗಸ್ಟ್ 18ರಂದು, ಆಲೆನ್ ದೆಲೋ ಫ್ರಾನ್ಸಿನ ದೂಶಿಯಲ್ಲಿರುವ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು. ಅವರಿಗೆ 88 ವರ್ಷವಾಗಿತ್ತು.